ನೀರು ಕೇಳುವ ಧೈರ್ಯ

ಪ್ರತಿವರ್ಷ ತಪಸ್ಸುಕಾಲದ ಮೊದಲ ಭಾನುವಾರ ನಾವು ಬೆಂಗಾಡಿನ ಶುಭಸಂದೇಶವನ್ನು ಆಲಿಸುತ್ತೇವೆ. ಪ್ರಭು ಯೇಸು ನಲವತ್ತು ದಿನ ಉಪವಾಸವಿದ್ದು ಹಸಿದರು, ಶೋಧನೆಗೆ ಒಳಗಾದರು, ಕೊನೆಗೆ ದೇವದೂತರು ಬಂದು ಅವರನ್ನು ಉಪಚರಿಸಿದರು ಎಂದು ಸಂತ ಮತ್ತಾಯರು ಬರೆಯುತ್ತಾರೆ. ಉಪವಾಸದ ಬಗ್ಗೆ ನಾವು ಬೇಕಾದಷ್ಟು ಪ್ರಬೋಧನೆಗಳನ್ನು ಕೇಳಿದ್ದೇವೆ, ಶೋಧನೆಯ ಬಗ್ಗೆಯೂ ಕೇಳಿದ್ದೇವೆ. ಆದರೆ ಕೊನೆಯ ಆ ಚಿಕ್ಕ ಸಂಗತಿಯ ಮುಂದೆ ನಿಂತು ಯೋಚಿಸುವವರು ಕಡಿಮೆ. ತಮ್ಮ ಶಕ್ತಿಯಿಂದ ಕಲ್ಲನ್ನು ರೊಟ್ಟಿಯಾಗಿಸಲು ಒಪ್ಪದ ಪ್ರಭು, ಇತರರು ತಂದ ಉಪಚಾರವನ್ನು ಬೇಡವೆನ್ನಲಿಲ್ಲ.

ಪ್ರಿಯ ಓದುಗರೇ, ತಪಸ್ಸುಕಾಲದಲ್ಲಿ ನಾವು ಮಾಡುವ ಕೆಲಸಗಳನ್ನು ಒಮ್ಮೆ ಎಣಿಸಿ ನೋಡಿ. ಮಾಂಸ ಬಿಡುತ್ತೇವೆ, ದಾನ ಕೊಡುತ್ತೇವೆ, ರೋಗಿಗಳನ್ನು ನೋಡಲು ಹೋಗುತ್ತೇವೆ. ಎಲ್ಲೆಡೆಯೂ ನಾವು ಕೊಡುವವರು. ಪಡೆಯುವ ಜಾಗದಲ್ಲಿ ನಾವು ಕುಳಿತದ್ದು ಯಾವಾಗ? ಕೊಡಲು ಬಲ್ಲ ನಮಗೆ ಪಡೆಯಲೂ ಬರುತ್ತದೆಯೇ? ಈ ಪ್ರಶ್ನೆ ನನ್ನಲ್ಲಿ ಮೂಡಿದ್ದು ಯಾವುದೋ ಧರ್ಮಗ್ರಂಥವನ್ನು ಓದುವಾಗಲ್ಲ. ಸೈಕಲ್ ತುಳಿದು ಬಂದ ಯುವಕನೊಬ್ಬನ ಮಾತಿನಿಂದ.

ಆತ ನಮ್ಮ ಧರ್ಮಕೇಂದ್ರದವನೇ. ಉದ್ಯೋಗಕ್ಕಾಗಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ನೆಲೆಸಿದ್ದಾನೆ. ಕೆಲವು ವರ್ಷಗಳ ಹಿಂದೆ ಒಬ್ಬನೇ ಸೈಕಲಿನಲ್ಲಿ ನಲ್ಲರ್ಬೋರ್ ಪ್ರದೇಶವನ್ನು ದಾಟಿದ. ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ಆ ಪ್ರಯಾಣದ ಒಂದು ದಿನವನ್ನು ವಿವರವಾಗಿ ಹೇಳಿದ. "ಅಂಕಲ್, ಬಿಸಿಲು ಕಷ್ಟವಾಗಲಿಲ್ಲ. ಬಾಟಲಿ ಎತ್ತುವುದು ಕಷ್ಟವಾಯಿತು" ಎಂದು ಅವನು ಕೊನೆಯಲ್ಲಿ ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆ ಮಾತು ಅರ್ಥವಾಗಬೇಕಾದರೆ ಆ ನೆಲದ ಪರಿಚಯ ಸ್ವಲ್ಪ ಬೇಕು.

ಆಸ್ಟ್ರೇಲಿಯದ ದಕ್ಷಿಣ ಕರಾವಳಿಗೆ ತಾಗಿಕೊಂಡು ಸುಮಾರು 2,00,000 ಚದರ ಕಿಲೋಮೀಟರ್ ಹರಡಿರುವ ಸುಣ್ಣಕಲ್ಲಿನ ಬಯಲು ನಲ್ಲರ್ಬೋರ್. ಲ್ಯಾಟಿನ್ ಮೂಲದ ಈ ಹೆಸರಿಗೆ 'ಮರವಿಲ್ಲದ್ದು' ಎಂದರ್ಥ. ಮಳೆ ಬಹಳ ಕಡಿಮೆ. ಬಿದ್ದ ಹನಿಯೂ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುವುದರಿಂದ ನೆಲದ ಮೇಲೆ ಹೊಳೆಯಿಲ್ಲ, ಕೆರೆಯಿಲ್ಲ; ನೆಲದಡಿಯ ನೀರು ಬಹುಪಾಲು ಉಪ್ಪು. ಈ ಪ್ರದೇಶವನ್ನು ದಾಟುವ ಐರ್ ಹೆದ್ದಾರಿಗೆ ಪೂರ್ತಿಯಾಗಿ ಡಾಂಬರು ಬಿದ್ದದ್ದು 1976ರಲ್ಲಿ. ಪಶ್ಚಿಮದ ನಾರ್ಸ್‌ಮನ್ ಪಟ್ಟಣದಿಂದ ಪೂರ್ವದ ಸೆಡೂನಾವರೆಗೆ ಸುಮಾರು 1,200 ಕಿಲೋಮೀಟರ್ ದೂರ. ನಡುವೆ ಊರುಗಳು ತೀರಾ ವಿರಳ, ಹೆಚ್ಚಾಗಿ ಕಾಣುವುದು ಪೆಟ್ರೋಲ್, ಊಟ, ವಸತಿ ಒದಗಿಸುವ ಒಂಟಿ ತಂಗುಮನೆಗಳು. ಬಲ್ಲಡೋನಿಯಾ ಎಂಬ ತಂಗುಮನೆ ಬಿಟ್ಟರೆ ಮುಂದಿನದು ಕೈಗೂನಾ. ನಡುವಿನ ಅಂತರ ಸುಮಾರು 182 ಕಿಲೋಮೀಟರ್. ಅದರಲ್ಲಿ 146.6 ಕಿಲೋಮೀಟರ್ ರಸ್ತೆ ಒಂದೇ ಒಂದು ತಿರುವೂ ಇಲ್ಲದೆ ದಾರ ಎಳೆದಂತೆ ನೆಟ್ಟಗಿದೆ. ಇಕ್ಕೆಲಗಳಲ್ಲಿ ಕುರುಚಲು, ಅಲ್ಲಲ್ಲಿ ಕುಳ್ಳು ನೀಲಗಿರಿ ಮರಗಳು. ಅವುಗಳ ಎಲೆ ತೆಳು, ನೆರಳೂ ತೆಳು.

ನೇರ ರಸ್ತೆ ಶುರುವಾಗುವ ಕಡೆ ಗುಡಾರ ಹಾಕಿ ಮಲಗಿದ್ದ ನಮ್ಮ ಯುವಕ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದ. ನಕ್ಷತ್ರಗಳ ಬೆಳಕಿನಲ್ಲಿ ಗಂಟು ಕಟ್ಟಿ ಹೊರಟ. ಅವನ ಲೆಕ್ಕಾಚಾರ ಸ್ಪಷ್ಟವಾಗಿತ್ತು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. ಬಿಸಿಲಿನಲ್ಲಿ ತುಳಿಯುವವನಿಗೆ ದಿನಕ್ಕೆ ಎಂಟು ಹತ್ತು ಲೀಟರ್ ಬೇಕು. ಕಡಿಮೆ ಹೊತ್ತರೆ ಬಾಯಾರಿಕೆ. ಹೆಚ್ಚು ಹೊತ್ತರೆ ಭಾರದಿಂದ ವೇಗ ಕುಗ್ಗುತ್ತದೆ, ದಾರಿಯಲ್ಲಿ ಕಳೆಯುವ ಸಮಯ ಹೆಚ್ಚುತ್ತದೆ, ಆ ಹೆಚ್ಚಿನ ಸಮಯಕ್ಕೆ ಮತ್ತಷ್ಟು ನೀರು ಬೇಕಾಗುತ್ತದೆ. ಬೆಂಗಾಡಿನಲ್ಲಿ ಮನ್ನವನ್ನು ಅತಿಯಾಗಿ ಕೂಡಿಸಿದವರಿಗೂ ಮಿಗಲಿಲ್ಲ, ಕಡಿಮೆ ಕೂಡಿಸಿದವರಿಗೂ ಕೊರತೆಯಾಗಲಿಲ್ಲ ಎಂದು ವಿಮೋಚನಾಕಾಂಡದಲ್ಲಿ ಓದುತ್ತೇವಲ್ಲ, 'ಎಷ್ಟಾದರೆ ಸಾಕು' ಎಂಬ ಆ ಹಳೆಯ ಪ್ರಶ್ನೆ ಸೈಕಲಿನ ಮೇಲೆ ಕುಳಿತವನಿಗೂ ತಪ್ಪಿದ್ದಲ್ಲ. ಅವನು ಹಿಂದಿನ ದಿನ ಹದಿನಾಲ್ಕು ಲೀಟರ್ ಹೊತ್ತು ಹೊರಟಿದ್ದ. ದಾರಿಯ ತಂಗುದಾಣವೊಂದರಲ್ಲಿ ಮಳೆನೀರಿನ ತೊಟ್ಟಿ ಇದೆಯೆಂದು ತಿಳಿದಿತ್ತು. ಅಜಾಗರೂಕತೆ ಅವನದಾಗಿರಲಿಲ್ಲ.

ಬೆಳಿಗ್ಗೆ ಎಂಟರವರೆಗೆ ಎಲ್ಲವೂ ಸುಗಮವಾಗಿತ್ತು. ಆಮೇಲೆ ಒಳನಾಡಿನಿಂದ ಬಿಸಿಗಾಳಿ ಎದ್ದಿತು, ಎದುರಿನಿಂದಲೇ ಬೀಸತೊಡಗಿತು. ಗಂಟೆಗೆ ಹದಿನೆಂಟು ಕಿಲೋಮೀಟರ್ ಸಾಗುತ್ತಿದ್ದ ಸೈಕಲ್ ಒಂಬತ್ತಕ್ಕೆ ಇಳಿಯಿತು. ಸೈಕಲ್ ಸವಾರನಿಗೆ ಬೆಟ್ಟಕ್ಕಿಂತ ಗಾಳಿ ಕಠಿಣ. ಬೆಟ್ಟಕ್ಕೆ ತುದಿಯೆಂಬುದಿದೆ, ಗಾಳಿಗೆ ಇಲ್ಲ. ಮೂಗು, ಕಣ್ಣು, ತುಟಿಯ ಅಂಚಿಗೆಲ್ಲ ನೊಣ. ದೂರದ ರಸ್ತೆಯ ಮೇಲೆ ನೀರು ನಿಂತಂತೆ ಬಿಸಿಲ್ಗುದುರೆ. ಮಧ್ಯಾಹ್ನ ಮಳೆನೀರಿನ ತೊಟ್ಟಿ ಸಿಕ್ಕಿತು. ನಲ್ಲಿ ತಿರುಗಿಸಿದ, ಹನಿಯೂ ಬರಲಿಲ್ಲ. ತೊಟ್ಟಿಯ ಮೈ ಬಡಿದು ನೋಡಿದ, ಟೊಳ್ಳು ಸದ್ದು. ಗಿಡದ ತೆಳುನೆರಳಿನಲ್ಲಿ ಎರಡು ಗಂಟೆ ಮಲಗಿದ. ಬೆಂಗಾಡಿನ ಪೊದೆಯ ಕೆಳಗೆ ಸಾವನ್ನು ಬಯಸಿ ಮಲಗಿದ್ದ ಎಲೀಯನ ನೆನಪಾಯಿತಂತೆ. ಎದ್ದಾಗ ಗಂಟೆ ಮೂರು. ಉಳಿದ ನೀರು ಎರಡು ಲೀಟರ್. ಉಳಿದ ದೂರ ಅರವತ್ತೈದು ಕಿಲೋಮೀಟರ್.

ಈಗ ಕಥೆಯ ಮುಖ್ಯ ಭಾಗ. ಆ ರಸ್ತೆ ನಿರ್ಜನವೇನೂ ಅಲ್ಲ. ಸರಕು ಹೊತ್ತ, ಮೂವತ್ತು ಮೀಟರಿಗೂ ಉದ್ದದ ಲಾರಿಗಳು ಓಡಾಡುತ್ತವೆ. ನಿವೃತ್ತಿಯ ನಂತರ ಗಾಲಿಮನೆಯನ್ನು ಕಾರಿಗೆ ಕಟ್ಟಿಕೊಂಡು ದೇಶ ಸುತ್ತುವ ವೃದ್ಧ ದಂಪತಿಗಳೂ ಹಾದುಹೋಗುತ್ತಾರೆ. ಎದುರಾದವರಿಗೆ ಕೈ ಬೀಸುವುದು ಅಲ್ಲಿನ ವಾಡಿಕೆ. ನೀರು ಬೇಕಾದ ಸವಾರ ಖಾಲಿ ಬಾಟಲಿಯನ್ನು ಮೇಲೆತ್ತಿ ಹಿಡಿದರೆ ಸಾಕು, ಯಾರಾದರೂ ನಿಲ್ಲಿಸುತ್ತಾರೆ. ಮೊದಲ ವಾಹನ ಬಂತು. ಅವನ ಕೈ ಬಾಟಲಿಯ ಕಡೆಗೆ ಹೋಗಲಿಲ್ಲ. ಮೇಲೆದ್ದು ನಗುನಗುತ್ತ ಬೀಸಿತು. ಅವರೂ ಬೀಸಿ ಹೋದರು. ಎರಡನೆಯ ವಾಹನಕ್ಕೂ ಹಾಗೆಯೇ, ಮೂರನೆಯದಕ್ಕೂ ಹಾಗೆಯೇ. ಒಳಗೆ ಗಂಟಲು ಒಣಗಿ ನಾಲಗೆ ಅಂಗಳಕ್ಕೆ ಅಂಟುತ್ತಿದೆ, ಹೊರಗೆ ಕೈ ಮಾತ್ರ 'ನಾನು ಚೆನ್ನಾಗಿದ್ದೇನೆ' ಎಂದು ಸುಳ್ಳು ಹೇಳುತ್ತಿದೆ.

ಏಕೆ ಹೀಗೆ? "ಹೊರಡುವಾಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದೆ, ಯಾರ ನೆರವೂ ಇಲ್ಲದೆ ನನ್ನ ಕಾಲಿನ ಬಲದಿಂದಲೇ ದಾಟುತ್ತೇನೆ ಅಂತ" ಎಂದ. 1896ರಲ್ಲಿ ಮೊದಲ ಬಾರಿಗೆ ಈ ಬಯಲನ್ನು ಸೈಕಲಿನಲ್ಲಿ ದಾಟಿದ ಆರ್ಥರ್ ರಿಚರ್ಡ್‌ಸನ್ ಅವನ ಆದರ್ಶ. ಸಣ್ಣ ಗಂಟು, ನೀರಿನ ಚೀಲ ಇಷ್ಟನ್ನೇ ಹೊತ್ತು ಕೂಲ್‌ಗಾರ್ಡಿಯಿಂದ ಅಡಿಲೇಡಿಗೆ 31 ದಿನಗಳಲ್ಲಿ ಒಬ್ಬನೇ ತಲುಪಿದ ಸಾಹಸಿ ಆತ. ಒಬ್ಬನೇ ಎಂಬುದು ನಿಜ. ಆದರೆ ರಸ್ತೆಯೇ ಇಲ್ಲದ ಆ ಕಾಲದಲ್ಲಿ ಅವನು ಹಿಡಿದ ದಾರಿ ಯಾವುದು? 1877ರಲ್ಲಿ ಬೇರೆಯವರು ಬೆವರು ಸುರಿಸಿ ಎಳೆದಿದ್ದ ಟೆಲಿಗ್ರಾಫ್ ತಂತಿಯ ದಾರಿ.

ಹೆದ್ದಾರಿಗೆ ಹೆಸರು ಕೊಟ್ಟ ಎಡ್ವರ್ಡ್ ಜಾನ್ ಐರ್‌ನ ಕಥೆ ಇದಕ್ಕಿಂತ ಹೆಚ್ಚಿನದನ್ನು ಕಲಿಸುತ್ತದೆ. 1841ರಲ್ಲಿ ಆತ ಈ ಕರಾವಳಿಯನ್ನು ದಾಟಿದಾಗ ಮರಳದಿಬ್ಬಗಳ ನಡುವೆ ಎಲ್ಲಿ ಅಗೆದರೆ ಸಿಹಿನೀರು ಸಿಗುತ್ತದೆಂದು ತೋರಿಸಿದವರು ಅಲ್ಲಿನ ಆದಿವಾಸಿಗಳು. ಅವನ ಜತೆಗಾರ ಜಾನ್ ಬ್ಯಾಕ್ಸ್‌ಟರ್ ಏಪ್ರಿಲ್ 29ರ ರಾತ್ರಿ ತಂಡದವರಿಂದಲೇ ಹತನಾದ ಮೇಲೆ, ಐರ್‌ನೊಡನೆ ಕೊನೆಯವರೆಗೂ ನಡೆದವನು ವೈಲಿ ಎಂಬ ಆದಿವಾಸಿ ಯುವಕ. ಜೂನ್ ತಿಂಗಳಲ್ಲಿ ತೀರದಲ್ಲಿ ಲಂಗರು ಹಾಕಿದ್ದ ಫ್ರೆಂಚ್ ತಿಮಿಂಗಿಲ ಬೇಟೆಯ ಹಡಗಿನವರು ಊಟ, ಬಟ್ಟೆ ಕೊಟ್ಟು ಇಬ್ಬರನ್ನೂ ಉಳಿಸಿದರು. ಜುಲೈನಲ್ಲಿ ಅವರು ಆಲ್ಬನಿ ತಲುಪಿದರು. ಹೆದ್ದಾರಿಗೆ ನೀರು ಕುಡಿದವನ ಹೆಸರು ಬಂತು. ನೀರು ತೋರಿಸಿದವರ ಹೆಸರನ್ನು ನೆನಪಿಡುವವರು ವಿರಳ. ಪಡೆದುದನ್ನು ಮರೆತಾಗಲೇ 'ಸ್ವಂತ ಬಲದ ಸಾಧನೆ' ಎಂಬ ಮಾತು ಹುಟ್ಟುತ್ತದೆ, ಅಲ್ಲವೇ?

ನಾಲ್ಕನೆಯ ವಾಹನ ಬರುವ ಹೊತ್ತಿಗೆ ಬಿಸಿಲು ಓರೆಯಾಗಿತ್ತು. ಯುವಕ ಸೈಕಲನ್ನು ನಿಲ್ಲಿಸಿ, ಬಾಟಲಿಯನ್ನು ತೆಗೆದು, ಎತ್ತಿ ಹಿಡಿದ. ತೋಳು ನಡುಗಿತು, ದಣಿವಿನಿಂದ ಅಲ್ಲ, ನಾಚಿಕೆಯಿಂದ. ಗಾಲಿಮನೆಯ ಕಾರು ನಿಂತಿತು. ಇಳಿದ ವೃದ್ಧರು ಹೆಚ್ಚು ಮಾತನಾಡಲಿಲ್ಲ, ಬುದ್ಧಿ ಹೇಳಲಿಲ್ಲ. ಬಾಟಲಿಗಳನ್ನೆಲ್ಲ ಒಂದೊಂದಾಗಿ ತುಂಬಿಸಿ, ಮುಚ್ಚಳ ಬಿಗಿಯಾಗಿದೆಯೇ ಎಂದು ಪ್ರತಿಯೊಂದನ್ನೂ ತಿರುಗಿಸಿ ನೋಡಿದರು. ಆ ಅಜ್ಜಿ ಒಂದು ಲೋಟ ತಣ್ಣನೆಯ ನೀರನ್ನು ಪ್ರತ್ಯೇಕವಾಗಿ ತಂದು, ಅವನು ಕುಡಿದು ಮುಗಿಸುವವರೆಗೂ ಎದುರಿಗೆ ನಿಂತಿದ್ದರು. "ಅವರ ಮುಖದಲ್ಲಿ ನನ್ನ ಮೇಲೆ ಕರುಣೆ ಇರಲಿಲ್ಲ ಅಂಕಲ್, ಸಂತೋಷ ಇತ್ತು. ಮೂರು ಗಾಡಿಯವರಿಗೆ ಆ ಸಂತೋಷ ಸಿಗದ ಹಾಗೆ ನಾನೇ ತಡೆದಿದ್ದೆ" ಎಂದ. ರಾತ್ರಿ ಗಾಳಿ ತಗ್ಗಿದ ಮೇಲೆ ಕೈಗೂನಾ ತಲುಪಿದನಂತೆ.

ಇದನ್ನು ಕೇಳುತ್ತ ನನಗೆ ನೆನಪಾದದ್ದು ನನ್ನ ತಾಯಿ. ಬಿಸಿಲಿನಿಂದ ಯಾರೇ ಬಂದರೂ, ಅಂಚೆಯವನಿರಲಿ, ಮೀನು ಮಾರುವವಳಿರಲಿ, ಮೊದಲು ಬೆಲ್ಲ ನೀರು ಕೊಟ್ಟು ಆಮೇಲೆ ಮಾತನಾಡಿಸುತ್ತಿದ್ದ ಜೀವ ಅದು. ಕೊನೆಯ ವರ್ಷ ಹಾಸಿಗೆ ಹಿಡಿದರು. ಯಾರಿಗೂ ಹೊರೆಯಾಗಬಾರದೆಂಬುದೇ ಅವರ ಜಪ. ನಾನೂ ಅದನ್ನು ಸ್ವಾಭಿಮಾನವೆಂದು ಮೆಚ್ಚಿಕೊಳ್ಳುತ್ತಿದ್ದೆ. ಒಂದು ದಿನ ಜ್ವರ ಏರಿ ಮಾತು ತೊದಲಿದಾಗ ಬಂದ ವೈದ್ಯರು, ದೇಹದಲ್ಲಿ ನೀರಿನ ಅಂಶವೇ ಇಲ್ಲವೆಂದರು. ವಿಚಾರಿಸಿದಾಗ ನಿಜ ಹೊರಬಿತ್ತು. ಶೌಚಕ್ಕೆ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆಂಬ ಸಂಕೋಚದಿಂದ ಅಮ್ಮ ನೀರು ಕುಡಿಯುವುದನ್ನೇ ಬಿಡುತ್ತ ಬಂದಿದ್ದರು. ತುಂಬಿದ ಹೂಜಿ ತಲೆಯ ಬಳಿಯೇ ಇತ್ತು. ನಮ್ಮ ಮನೆಯೊಳಗೇ ಒಂದು ಬೆಂಗಾಡಿತ್ತು, ನನಗೆ ಕಾಣಿಸಿರಲಿಲ್ಲ.

ಆ ರಾತ್ರಿ ನನ್ನ ಹೆಂಡತಿ ಅವರ ಪಕ್ಕದಲ್ಲಿ ಕುಳಿತು, "ಅತ್ತೆ, ನಿಮ್ಮ ಕೈಯ ನೀರನ್ನು ಊರೆಲ್ಲ ಕುಡಿಯಿತು. ನನ್ನ ಕೈಯ ನೀರು ನಿಮಗೆ ಯಾಕೆ ಆಗಬಾರದು?" ಎಂದು ಕೇಳಿದಳು. ಅಮ್ಮ ಬಹಳ ಹೊತ್ತು ಸುಮ್ಮನಿದ್ದು ಬಾಯಿ ತೆರೆದರು. ಆಮೇಲಿನ ಐದು ತಿಂಗಳು ಅತ್ತೆ ಸೊಸೆಯರ ನಡುವೆ ಮೊದಲೆಂದೂ ಇಲ್ಲದ ಸಲಿಗೆಯೊಂದು ಬೆಳೆಯಿತು. ಕೊಡುವವಳಾಗಿಯೇ ಇದ್ದಿದ್ದರೆ ಅಮ್ಮನಿಗೆ ಅದು ದಕ್ಕುತ್ತಿರಲಿಲ್ಲ.

ಓದುಗರೇ, ಇಲ್ಲಿ ನಿಮ್ಮಲ್ಲೊಂದು ಆಕ್ಷೇಪ ಏಳಬಹುದು. ಪಡೆಯುವುದಕ್ಕಿಂತ ಕೊಡುವುದರಲ್ಲೇ ಹೆಚ್ಚಿನ ಧನ್ಯತೆ ಎಂದು ಪ್ರಭು ಹೇಳಿದ್ದನ್ನು ಸಂತ ಪೌಲರು ಎಫೆಸದ ಹಿರಿಯರಿಗೆ ನೆನಪಿಸಲಿಲ್ಲವೇ? ಗುಡಾರ ಹೊಲಿದು ತಮ್ಮ ಅನ್ನ ತಾವೇ ದುಡಿದವರಲ್ಲವೇ ಪೌಲರು? ಕೈಯೊಡ್ಡುವುದನ್ನು ಹೊಗಳಿದರೆ ಸೋಮಾರಿತನಕ್ಕೆ ದಾರಿಯಾಗದೇ? ಆಕ್ಷೇಪ ನ್ಯಾಯವಾದುದೇ. ಇದಕ್ಕೆ ಉತ್ತರ ಗಲಾತ್ಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿದೆ. ಅಲ್ಲಿ ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂದು ಹೇಳಿದ ಪೌಲರು, ಮೂರೇ ವಾಕ್ಯಗಳ ನಂತರ, ಪ್ರತಿಯೊಬ್ಬರೂ ತಮ್ಮ ಹೊರೆಯನ್ನು ತಾವೇ ಹೊರಬೇಕೆಂದೂ ಹೇಳುತ್ತಾರೆ. ಇದು ವಿರೋಧಾಭಾಸವಲ್ಲ. ಗ್ರೀಕ್ ಮೂಲದಲ್ಲಿ ಅವು ಎರಡು ಬೇರೆ ಪದಗಳು. ಮೊದಲನೆಯದು 'ಬಾರೋಸ್', ಮನುಷ್ಯನನ್ನು ಕುಗ್ಗಿಸುವ ಭಾರ. ಎರಡನೆಯದು 'ಫೋರ್ತಿಯೋನ್', ಪ್ರಯಾಣಿಕ ತನ್ನ ಪಾಲಿಗೆ ಹೊರಬೇಕಾದ ಗಂಟು. ಹದಿನಾಲ್ಕು ಲೀಟರ್ ನೀರು ಆ ಯುವಕನ ಗಂಟು. ಅದನ್ನು ಹೊರದೆ ಹೊರಟಿದ್ದರೆ ಅದು ದೇವರನ್ನೂ ನೆರೆಯವರನ್ನೂ ಪರೀಕ್ಷಿಸಿದಂತೆ. ಎದುರುಗಾಳಿ ಮತ್ತು ಬರಿದಾದ ತೊಟ್ಟಿ ಭಾರ. ಅದನ್ನು ಒಬ್ಬನೇ ಹೊರುತ್ತೇನೆನ್ನುವುದು ಅಹಂಕಾರ. ಗಂಟನ್ನು ಇನ್ನೊಬ್ಬರ ಹೆಗಲಿಗೆ ಹಾಕುವವನು ಸೋಮಾರಿ, ಭಾರವನ್ನು ಯಾರಿಗೂ ತೋರಿಸದವನು ಗರ್ವಿ. ಎರಡರ ನಡುವಿನ ಗೆರೆಯನ್ನು ಗುರುತಿಸುವುದೇ ವಿವೇಕ. ಅದೇ ಪೌಲರು ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆಯುವಾಗ, ಅವರು ಕಳುಹಿಸಿದ ಕಾಣಿಕೆಯನ್ನು ಪಡೆದೆನೆಂದು ಮನಸಾರೆ ಒಪ್ಪಿಕೊಳ್ಳುತ್ತಾರೆ.

ಚಿಕ್ಕವರೊಬ್ಬರಿಗೆ ಒಂದು ಲೋಟ ತಣ್ಣೀರು ಕೊಟ್ಟವರಿಗೂ ಪ್ರತಿಫಲ ತಪ್ಪದೆಂಬ ಪ್ರಭುವಿನ ಭರವಸೆಯನ್ನು ನಾವೆಲ್ಲ ಬಲ್ಲೆವು. ಬೇಸಿಗೆಯಲ್ಲಿ ಅರವಟ್ಟಿಗೆ ತೆರೆಯುವಾಗ ನಮ್ಮ ಸಂಘಗಳು ಅದನ್ನೇ ಫಲಕದಲ್ಲಿ ಬರೆಸುತ್ತವೆ. ಆದರೆ ಸಂತ ಮತ್ತಾಯರ ಹತ್ತನೆಯ ಅಧ್ಯಾಯವನ್ನು ತೆರೆದು ನೋಡಿ. ಆ ಮಾತನ್ನು ಪ್ರಭು ಹೇಳಿದ್ದು ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ. ಹಣ ಬೇಡ, ಜೋಳಿಗೆ ಬೇಡ, ಎರಡನೆಯ ಅಂಗಿ ಬೇಡ ಎಂದ ಮೇಲೆ ಹೇಳಿದ್ದು. ಆ ಲೋಟದ ಕಥೆಯಲ್ಲಿ ಶಿಷ್ಯರು ಕೊಡುವವರಲ್ಲ. ಬಾಯಾರಿ ಬಾಗಿಲಲ್ಲಿ ನಿಂತವರು. ಕೊಡುವವರು ಹೆಸರಿಲ್ಲದ ಯಾರೋ ಮನೆಯವರು. ನಾವು ಇಷ್ಟು ವರ್ಷ ಆ ವಾಕ್ಯದಲ್ಲಿ ತಪ್ಪು ಜಾಗದಲ್ಲಿ ನಿಂತಿದ್ದೆವೇ?

ತಪಸ್ಸುಕಾಲದ ದಾರಿ ಮುಂದುವರಿದಂತೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸಮಾರಿಯದ ಬಾವಿಯ ಬಳಿ ನಡುಹಗಲಲ್ಲಿ ದಣಿದು ಕುಳಿತ ಪ್ರಭು ಮೊದಲು ಆಡಿದ್ದು ಉಪದೇಶವಲ್ಲ; ಕುಡಿಯಲು ನೀರು ಕೇಳಿದರು. ಯೆಹೂದ್ಯರು ಸಮಾರಿಯದವರ ಪಾತ್ರೆ ಮುಟ್ಟದ ಕಾಲವದು. ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರ ಕೈಯ ನೀರು ಯಾರಿಗೆ ಆಗುತ್ತದೆ, ಯಾರಿಗೆ ಪ್ರತ್ಯೇಕ ಲೋಟ, ಯಾರಿಗೆ ಮೇಲಿನಿಂದ ಸುರಿಯುವ ನೀರು ಎಂಬ ಲೆಕ್ಕ ನಮ್ಮ ಊರುಗಳ ಬಾವಿಕಟ್ಟೆಗಳಿಗೆ ಚೆನ್ನಾಗಿ ಗೊತ್ತು. ದಾನ ಕೊಡುವಾಗ ಜಾತಿ ಅಡ್ಡ ಬರುವುದಿಲ್ಲ; ಮೇಲಿನಿಂದ ಕೆಳಕ್ಕೆ ಕೊಟ್ಟರಾಯಿತು. ಕೇಳಿ ಪಡೆಯುವಾಗ ಮಾತ್ರ ಅದು ಎದ್ದು ನಿಲ್ಲುತ್ತದೆ. ಬಡವರ ಮನೆಗೆ ಅಕ್ಕಿಯ ಚೀಲ ಕೊಂಡೊಯ್ದು ಫೋಟೊ ತೆಗೆಸಿಕೊಳ್ಳುವ ನಾವು, ಅದೇ ಮನೆಯ ಚಾಪೆಯ ಮೇಲೆ ಕುಳಿತು ಅವರ ಲೋಟದಲ್ಲಿ ನೀರು ಕೇಳಿ ಕುಡಿದಿದ್ದೇವೆಯೇ? ಆ ಸ್ತ್ರೀಯನ್ನು ಕೊಡುವವಳ ಸ್ಥಾನದಲ್ಲಿ ಕೂರಿಸಿದ ಮೇಲೆಯೇ ಪ್ರಭು ಅವಳೊಡನೆ ಜೀವಜಲದ ಮಾತೆತ್ತಿದರು. ಪವಿತ್ರ ಗುರುವಾರ ಪೇತ್ರನಿಗೆ ಕಷ್ಟವಾದದ್ದೂ ಇದೇ. ಗುರುವಿಗಾಗಿ ಸಾಯಲು ಸಿದ್ಧನಾದವನು ಗುರುವಿನಿಂದ ಕಾಲು ತೊಳೆಸಿಕೊಳ್ಳಲು ಒಪ್ಪಲಿಲ್ಲ. ಒಪ್ಪದಿದ್ದರೆ ನನ್ನೊಡನೆ ನಿನಗೆ ಪಾಲಿಲ್ಲವೆಂಬ ಎಚ್ಚರಿಕೆಯನ್ನೇ ಪ್ರಭು ಕೊಡಬೇಕಾಯಿತು. ಮರುದಿನ ಶಿಲುಬೆಯ ಮೇಲಿಂದ ತಮ್ಮ ಬಾಯಾರಿಕೆಯನ್ನು ಎಲ್ಲರ ಮುಂದೆ ಹೇಳಿಕೊಂಡರು. ಬೆಂಗಾಡಿನಲ್ಲಿ ಉಪಚಾರವನ್ನು ಸ್ವೀಕರಿಸಿದವರು ಕೊನೆಯ ಗಳಿಗೆಯಲ್ಲೂ ಕೇಳಲು ನಾಚಲಿಲ್ಲ.

ಆ ಹೆದ್ದಾರಿಯ ಕೆಲವು ಕಡೆ ರಸ್ತೆಯ ಮೇಲೆಯೇ ವಿಮಾನ ಇಳಿಯಲು ಗುರುತು ಮಾಡಿದ್ದಾರೆಂದು ಯುವಕ ಹೇಳಿದ್ದ. ಒಳನಾಡಿನ ರೋಗಿಗಳ ಬಳಿಗೆ ವಿಮಾನದಲ್ಲಿ ಹೋಗುವ ವೈದ್ಯರಿಗಾಗಿ ಅದು. 1928ರಲ್ಲಿ ಆ ಸೇವೆಯನ್ನು ಆರಂಭಿಸಿದವರು ಜಾನ್ ಫ್ಲಿನ್ ಎಂಬ ಪ್ರೆಸ್ಬಿಟೇರಿಯನ್ ಸಭಾಪಾಲಕರು. ವೈದ್ಯರೂ ಇದ್ದರು, ವಿಮಾನವೂ ಇತ್ತು. ವಿದ್ಯುತ್ತಿಲ್ಲದ ಒಂಟಿಮನೆಯವರು ಅವರನ್ನು ಕರೆಯುವುದು ಹೇಗೆ? ಆಲ್ಫ್ರೆಡ್ ಟ್ರೇಗರ್ ಎಂಬವರು ಇದಕ್ಕೊಂದು ರೇಡಿಯೊ ರೂಪಿಸಿದರು. ಕೈಗಳು ಸಂಕೇತ ಕಳುಹಿಸಲು ಬಿಡುವಾಗಿರಲೆಂದು, ಸೈಕಲಿನಂತೆ ಪೆಡಲ್ ತುಳಿದು ವಿದ್ಯುತ್ ಹುಟ್ಟಿಸುವ ಸಾಧನ ಅದು. 1929ರಿಂದ ಅದು ಒಂಟಿಮನೆಗಳನ್ನು ತಲುಪತೊಡಗಿತು. ಕಾಲು ತುಳಿಯುತ್ತಿತ್ತು, ಕೈ ನೆರವು ಕೇಳುತ್ತಿತ್ತು. ತನ್ನ ಶ್ರಮ, ಇನ್ನೊಬ್ಬರ ನೆರವು ಒಂದಕ್ಕೊಂದು ಶತ್ರುವಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ದೃಷ್ಟಾಂತ ನನಗೆ ತಿಳಿಯದು.

ಈ ತಪಸ್ಸುಕಾಲದಲ್ಲಿ ನೀವು ಎಂದಿನಂತೆ ಕೊಡಿ, ಅದನ್ನು ಬಿಡಬೇಡಿ. ಅದರೊಡನೆ ಇನ್ನೊಂದು ವ್ರತವನ್ನೂ ಕೈಗೊಳ್ಳಬಹುದೇ ಯೋಚಿಸಿ. ಬಹುದಿನಗಳಿಂದ ಒಬ್ಬರೇ ಹೊತ್ತಿರುವ ಭಾರವೊಂದನ್ನು, ಸಾಲವಿರಲಿ, ಕಾಯಿಲೆಯಿರಲಿ, ಮಕ್ಕಳ ಚಿಂತೆಯಿರಲಿ, ನಂಬಿಗಸ್ತರೊಬ್ಬರ ಮುಂದೆ ಇಳಿಸಿ ನೆರವು ಕೇಳಿ. ನಿಮ್ಮ ಮನೆಯಲ್ಲಿ ನಗುತ್ತ ಕೈ ಬೀಸುತ್ತಿರುವ ಹಿರಿಯರಿದ್ದರೆ, ಅವರ ತಲೆಯ ಬಳಿಯ ಹೂಜಿಯಲ್ಲಿ ನೀರು ಇಳಿದಿದೆಯೇ ಎಂದು ಇಂದು ರಾತ್ರಿ ಒಮ್ಮೆ ಎದ್ದು ನೋಡಿ.